ಅಜ್ಜನ ದನಿ ಇಳಿದಾಗ

ಕಾರ್ಕಳದ ಕಡೆಯ ಒಂದು ಮನೆ ಎಂದುಕೊಳ್ಳಿ. ಅಜ್ಜ ನಿವೃತ್ತ ಮೇಷ್ಟ್ರು. ಹಿಂದೆ ಅವರು ಪಾಠ ಹೇಳಿದರೆ ಶಾಲೆಯ ಅಂಗಳಕ್ಕೂ ಕೇಳಿಸುತ್ತಿತ್ತು. ಈಗ ಪಕ್ಕದಲ್ಲೇ ಕುಳಿತ ಮೊಮ್ಮಗಳು, "ಏನಜ್ಜ? ಸ್ವಲ್ಪ ಜೋರಾಗಿ ಹೇಳಿ" ಎನ್ನುತ್ತಾಳೆ. "ಜೋರಾಗಿಯೇ ಹೇಳಿದೆನಲ್ಲ, ನಿನ್ನ ಕಿವಿಗೇನಾಗಿದೆ?" ಎಂದು ಅಜ್ಜನಿಗೆ ಸಿಟ್ಟು. ಕಾಪುವಿನಿಂದ ಮಗಳು ಫೋನು ಮಾಡಿದರೂ ಅದೇ ಕಥೆ. ಕ್ರಮೇಣ ಅಜ್ಜ ಮಾತನ್ನೇ ಕಡಿಮೆ ಮಾಡುತ್ತಾರೆ. ಮನೆಯವರು 'ವಯಸ್ಸಾಯಿತು' ಎಂದು ಸುಮ್ಮನಾಗುತ್ತಾರೆ.

ಆದರೆ ಇದು ಬರೀ ವಯಸ್ಸಿನ ದೋಷವಲ್ಲ. ಪಾರ್ಕಿನ್ಸನ್ ಕಾಯಿಲೆಯ ಲಕ್ಷಣವೂ ಇರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿದ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುವುದರಿಂದ ಚಲನೆ ನಿಧಾನವಾಗುತ್ತದೆ, ಕಿರಿದಾಗುತ್ತದೆ. ನಡಿಗೆಯ ಹೆಜ್ಜೆ ಚಿಕ್ಕದು, ಅಕ್ಷರ ಚಿಕ್ಕದು. ಹಾಗೆಯೇ ದನಿಯೂ ಚಿಕ್ಕದು. ಗಂಟಲಿನ ಧ್ವನಿತಂತುಗಳು ಪೂರ್ತಿ ಮುಚ್ಚಿಕೊಳ್ಳದೆ ಉಸಿರು ಸೋರಿಹೋಗುತ್ತದೆ. ಮಾತಿನ ಏರಿಳಿತ ಮಾಯವಾಗುತ್ತದೆ.

ಅಜ್ಜನ ಸಿಟ್ಟಿಗೂ ಕಾರಣವಿದೆ. ತನ್ನ ದನಿ ಎಷ್ಟು ದೊಡ್ಡದು ಎಂದು ಅಳೆಯುವ ಮಿದುಳಿನ ಲೆಕ್ಕವೇ ತಪ್ಪಿರುತ್ತದೆ. ಪಿಸುಮಾತು ಅವರಿಗೆ ಸಹಜ ಮಾತಿನಂತೆ, ಸಹಜ ಮಾತು ಕಿರುಚಿದಂತೆ ಅನಿಸುತ್ತದೆ.

ಮಾತ್ರೆಗಳು ಕೈಕಾಲಿನ ಬಿಗಿತವನ್ನು ಇಳಿಸಿದಷ್ಟು ದನಿಯನ್ನು ಸುಧಾರಿಸುವುದಿಲ್ಲ. ಇಲ್ಲಿ ವಾಕ್ ಚಿಕಿತ್ಸೆ ನೆರವಾಗುತ್ತದೆ. ಲೊರೇನ್ ರಾಮಿಗ್ ಮತ್ತು ಸಂಗಡಿಗರು 1987ರಲ್ಲಿ ಅಮೆರಿಕದಲ್ಲಿ ಆರಂಭಿಸಿದ 'ಎಲ್‌ಎಸ್‌ವಿಟಿ' ವಿಧಾನ ಇದರಲ್ಲಿ ಪ್ರಸಿದ್ಧ. ವಾರಕ್ಕೆ 4 ದಿನ, ದಿನಕ್ಕೆ ಒಂದು ಗಂಟೆ, ಹೀಗೆ 4 ವಾರ. ಒಟ್ಟು 16 ಪಾಠ. ಗುರಿ ಒಂದೇ, 'ಜೋರಾಗಿ'. ಮೊದಲು ದೀರ್ಘವಾಗಿ "ಆ..." ಎನ್ನುವುದು. ಬಳಿಕ ದಿನಬಳಕೆಯ ಹತ್ತು ವಾಕ್ಯಗಳು, ಓದು, ಕೊನೆಗೆ ಮಾತುಕತೆ. ಗಂಟಲು ಎಳೆದು ಕೂಗುವುದು ಬೇಡ. ಕಿವಿ-ಮೂಗು-ಗಂಟಲು ತಜ್ಞರು ಧ್ವನಿತಂತುಗಳನ್ನು ಪರೀಕ್ಷಿಸಿದ ನಂತರವೇ ಆರಂಭಿಸಬೇಕು. ಊಟದ ವೇಳೆ ಪದೇ ಪದೇ ಕೆಮ್ಮು ಬಂದರೆ ಅದನ್ನೂ ತಿಳಿಸಬೇಕು. ನುಂಗುವ ತೊಂದರೆಯೂ ಈ ಚಿಕಿತ್ಸಕರ ಕ್ಷೇತ್ರವೇ.

ಕಾರ್ಕಳದಿಂದ ಮಣಿಪಾಲಕ್ಕೆ ತಿಂಗಳಿಗೆ 16 ಸಲ ಅಜ್ಜನನ್ನು ಕರೆದೊಯ್ಯುವುದು ಸುಲಭವಲ್ಲ. ವಿಡಿಯೊ ಕರೆಯ ಮೂಲಕ ಸಾಧ್ಯವೇ ಎಂದು ಚಿಕಿತ್ಸಕರನ್ನು ವಿಚಾರಿಸಬಹುದು. ಏನಿದ್ದರೂ ಮನೆಯ ಅಭ್ಯಾಸ ತಪ್ಪಬಾರದು, ತರಬೇತಿ ಮುಗಿದ ಮೇಲೂ. ಮೊಮ್ಮಕ್ಕಳ ಪಾಲು ಇಲ್ಲಿಯೇ ಇರುವುದು. ಟಿವಿ ಆರಿಸಿ, ಎದುರಿಗೆ ಕುಳಿತು, ಅಜ್ಜನಿಂದ ಪತ್ರಿಕೆ ಓದಿಸಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ.

ಈ ಕೆಲಸವನ್ನೇ ವೃತ್ತಿಯಾಗಿ ಆರಿಸಿಕೊಳ್ಳಲೂ ಅವಕಾಶವಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿಎಎಸ್‌ಎಲ್‌ಪಿ ಪದವಿಗೆ ಸೇರಬಹುದು. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ವೃತ್ತಿ ನಡೆಸಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಉಡುಪಿಯ ಮಕ್ಕಳಿಗೆ ಇಲ್ಲೊಂದು ಅನುಕೂಲವೂ ಉಂಟು. ಆ ಹತ್ತು ವಾಕ್ಯಗಳು ರೋಗಿಯ ಮನೆಮಾತಿನಲ್ಲೇ ಇರಬೇಕು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಬಲ್ಲ ಚಿಕಿತ್ಸಕರು ಸಿಕ್ಕರೆ ಅಜ್ಜನ ಅರ್ಧ ಸಂಕೋಚ ಅಲ್ಲೇ ಕಳೆಯುತ್ತದೆ. ಕಾಯಿಲೆ ಪೂರ್ತಿ ವಾಸಿಯಾಗದು ನಿಜ. ಆದರೆ ಕಾಪುವಿನ ಮಗಳು ಫೋನಿನಲ್ಲಿ "ಅಪ್ಪಾ, ಈಗ ಕೇಳಿಸಿತು" ಎನ್ನುವಂತಾದರೆ ಅದೇನು ಕಡಿಮೆಯೇ?