ಶೋಧನೆಯೂ ಸತ್ಕಾರವೂ

ಬಳ್ಳಿಗಾವಿಯ ಅಲ್ಲಮಪ್ರಭುಗಳೂ ಉಡುತಡಿಯ ಅಕ್ಕಮಹಾದೇವಿಯೂ ಇಂದಿನ ಶಿಕಾರಿಪುರ ತಾಲ್ಲೂಕಿನ ನೆಲದವರು. ಅಕ್ಕ ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಆಕೆಯನ್ನು ಬಲು ನಿಷ್ಠುರವಾಗಿ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಪ್ರಶ್ನಿಸಿದವರು ಎದುರಿಗೇ ಇದ್ದರು. ಉತ್ತರವನ್ನು ಪೂರ್ಣವಾಗಿ ಆಲಿಸಿದರು. ಬಳಿಕ ಶರಣರು ಆಕೆಯನ್ನು ಗೌರವದಿಂದ ಬರಮಾಡಿಕೊಂಡರು.

ಶಿಕಾರಿಪುರ, ಸೊರಬ ಸೀಮೆಯಲ್ಲಿ ಇಂದು ಪದವಿ ಮುಗಿಸಿ ಸರ್ಕಾರಿ ನೇಮಕಾತಿಯನ್ನು ಎದುರು ನೋಡುತ್ತಿರುವ ಮಕ್ಕಳ ಮನೆಗಳಲ್ಲಿ ಈ ಪ್ರಸಂಗವನ್ನು ನೆನೆಯುವುದು ಅನುಚಿತವಾಗಲಾರದು. ಅಡಿಕೆ, ಮೆಕ್ಕೆಜೋಳ ಮಾರಿದ ಹಣ ತರಬೇತಿ ಕೇಂದ್ರಗಳಿಗೆ ಸಂದಾಯವಾಗುತ್ತಿದೆ. ವಯೋಮಿತಿಯಂತೂ ಯಾರಿಗಾಗಿಯೂ ಕಾಯುವುದಿಲ್ಲ.

೫೪೫ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ೨೦೨೧ರ ಅಕ್ಟೋಬರ್ ೩ರಂದು ನಡೆದ ಪರೀಕ್ಷೆಯನ್ನು ೫೪ ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಅಕ್ರಮ ಬಯಲಾಗಿ, ೨೦೨೨ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ಉತ್ತರಪತ್ರಿಕೆಗಳನ್ನು ತಿದ್ದಲಾಗಿದೆಯೆಂಬ ಆರೋಪದ ತನಿಖೆಯಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಅದೇ ಜುಲೈನಲ್ಲಿ ಬಂಧಿತರಾದರು. ಮರುಪರೀಕ್ಷೆ ನಡೆದುದು ೨೦೨೪ರ ಜನವರಿ ೨೩ರಂದು. ಕೇಂದ್ರಗಳೆಲ್ಲವೂ ಬೆಂಗಳೂರಿನಲ್ಲಿ! ಪ್ರಾಮಾಣಿಕವಾಗಿ ಬರೆದಿದ್ದ ಸೊರಬದ ತರುಣನೂ ಎರಡು ವರ್ಷ ಕಾದು, ೩೦೦ ಕಿಲೋಮೀಟರಿಗೂ ಮಿಗಿಲಾದ ದಾರಿ ಸವೆಸಿ, ಮತ್ತೆ ಮೊದಲಿನಿಂದ ಬರೆಯಬೇಕಾಯಿತು.

ಬಿಗಿ ತಪಾಸಣೆ ಬೇಡವೆಂದು ನಾವು ಹೇಳುವುದಿಲ್ಲ. ೨೦೨೩ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಬಳಸಿದವರು ಸಿಕ್ಕಿಬಿದ್ದ ಮೇಲೆ ತುಂಬುತೋಳಿನ ಅಂಗಿಯನ್ನೂ ನಿಷೇಧಿಸಿದ್ದು ಅರ್ಥವಾಗುವ ಮಾತೇ. ಆದರೆ ಅಭ್ಯರ್ಥಿಯ ತೋಳನ್ನು ತಡವುವಷ್ಟೇ ಕಟ್ಟುನಿಟ್ಟಾಗಿ ಉತ್ತರಪತ್ರಿಕೆಯ ಪೆಟ್ಟಿಗೆಯನ್ನೂ ಕಾಯಬೇಕಲ್ಲವೆ? ೨೦೨೫ರ ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಸಿಇಟಿ ಬರೆಯಲು ಬಂದ ವಿದ್ಯಾರ್ಥಿಗಳ ಜನಿವಾರ ತೆಗೆಸಿದ ಸಂಗತಿ ರಾಜ್ಯವನ್ನೇ ಕಲಕಿತು. ಅದು ಪ್ರವೇಶ ಪರೀಕ್ಷೆಯಾದರೂ ಕೊರಳಲ್ಲಿ ಲಿಂಗ ಧರಿಸುವ ನಮ್ಮ ಮಕ್ಕಳಿಗೂ ಅದು ಸಂಬಂಧಿಸಿದ್ದೇ. ಏನನ್ನು ತೆಗೆಸಬಹುದು, ಏನನ್ನು ತೆಗೆಸಬಾರದು ಎಂಬುದನ್ನು ಪ್ರವೇಶಪತ್ರದಲ್ಲಿಯೇ ಸ್ಪಷ್ಟವಾಗಿ ಮುದ್ರಿಸಬೇಕು. ತಪಾಸಣೆಯ ಸಿಬ್ಬಂದಿಗೂ ಅದನ್ನು ಮುಂಚಿತವಾಗಿ ತಿಳಿಸಬೇಕು.

ಸರ್ಕಾರಕ್ಕೆ ಹೇಳಿ ಸುಮ್ಮನಾಗುವುದೂ ಸಲ್ಲದು. ನಮ್ಮವರೇ ನಡೆಸುವ ಶಾಲೆ, ಕಾಲೇಜು, ಸಹಕಾರಿ ಸಂಘಗಳಿಗೆ ಉದ್ಯೋಗಾರ್ಥಿಗಳು ಬರುತ್ತಾರೆ. ಶಿಕ್ಷಕಿಯಾಗಬಯಸುವವಳಿಂದ ಒಂದು ಪಾಠ ಮಾಡಿಸಿ ನೋಡುವುದು, ಮೂಲ ಪ್ರಮಾಣಪತ್ರ ಪರಿಶೀಲಿಸುವುದು, ಹಿಂದೆ ದುಡಿದಲ್ಲಿ ವಿಚಾರಿಸುವುದು ಅಗತ್ಯ. ಅದಕ್ಕಾಗಿ ಆಕೆಯನ್ನು ನಾಲ್ಕು ಬಾರಿ ಬಸ್ಸು ಹತ್ತಿಸುವ ಅಗತ್ಯವಿಲ್ಲ. ಒಂದೇ ದಿನದಲ್ಲಿ ಇವೆಲ್ಲ ಮುಗಿಯುತ್ತವೆ. ಮೂಲ ಪತ್ರಗಳನ್ನು ಇಟ್ಟುಕೊಳ್ಳದೆ ಅಂದೇ ಹಿಂದಿರುಗಿಸಬೇಕು. ಆಯ್ಕೆಯಾಗದವರಿಗೂ ಹದಿನೈದು ದಿನಗಳೊಳಗೆ ಒಂದು ಪತ್ರ ಹೋಗಲಿ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನು ಠರಾವಾಗಿ ಬರೆಯಿಸಿಕೊಳ್ಳಬಹುದು.