ಆರಿಸುವುದು ಗಂಡನ ವೀರ್ಯಾಣು, ಕೇಳಬೇಕಾದವನೂ ಗಂಡನೇ

ಮದುವೆಯಾಗಿ ಮೂರು ವರ್ಷ ಕಳೆದರೂ ತೊಟ್ಟಿಲು ಕಟ್ಟದಿದ್ದರೆ ನಮ್ಮಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತುವವಳು ಸೊಸೆ. ಸ್ಕ್ಯಾನಿಂಗ್, ಮಾತ್ರೆ, ಹರಕೆ ಎಲ್ಲ ಮುಗಿದ ಮೇಲೆ, ಮಗ ಗಲ್ಫಿನಿಂದ ರಜೆಗೆ ಬಂದಾಗ, 'ಅವನದ್ದೂ ಒಮ್ಮೆ ನೋಡಿಬಿಡಿ' ಅನ್ನುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಾರಣವೂ ಸೇರಿರುತ್ತದೆ. ಸೂಜಿ ಚುಚ್ಚದ ವೀರ್ಯ ಪರೀಕ್ಷೆಯನ್ನು ಕೊನೆಗೆ ಇಡುವುದು ಯಾವ ನ್ಯಾಯ?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಐವಿಎಫ್ ಬೋರ್ಡುಗಳಿಗೆ ಬರವಿಲ್ಲ. ಮಂಗಳೂರಿಗೋ ಬೆಂಗಳೂರಿಗೋ ಬಸ್ಸು ಹತ್ತುವ ಕಷ್ಟ ತಪ್ಪಿತು, ಒಳ್ಳೆಯದೇ. ಆದರೆ ಬಿಲ್ಲಿನಲ್ಲಿ 'ವಿಶೇಷ ವೀರ್ಯಾಣು ಆಯ್ಕೆ' ಅಂತ ಒಂದು ಸಾಲು ಕಂಡರೆ ಅಲ್ಲಿ ಸ್ವಲ್ಪ ನಿಲ್ಲಿ.

ಆಯ್ಕೆ ಹೊಸದೇನಲ್ಲ. ವೀರ್ಯವನ್ನು ಯಂತ್ರದಲ್ಲಿ ತಿರುಗಿಸಿ, ಇಲ್ಲವೇ ಮೇಲಕ್ಕೆ ಈಜಿ ಬಂದವನ್ನಷ್ಟೇ ತೆಗೆದು ಚುರುಕಾದವನ್ನು ಬೇರ್ಪಡಿಸುವುದು ಹಳೆಯ ಪದ್ಧತಿ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಇಕ್ಸಿ ಯಶಸ್ಸನ್ನು ಪ್ರಕಟಿಸಿದರು. ಇದರಲ್ಲಿ ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚುತ್ತಾರೆ. ಆ ಒಂದನ್ನು ಲ್ಯಾಬಿನವರು ಸೂಕ್ಷ್ಮದರ್ಶಕದಲ್ಲಿ ನೋಡಿ ಆರಿಸುತ್ತಾರೆ. ಇದರ ಮೇಲೆ ಬಂದವು ಹೊಸ ಹೆಸರುಗಳು: ಸಾವಿರಾರು ಪಟ್ಟು ಹಿಗ್ಗಿಸಿ ನೋಡುವ ಇಮ್ಸಿ, ಹಯಲುರೊನಾನ್ ಎಂಬ ವಸ್ತುವಿಗೆ ಅಂಟಿದವನ್ನು ಆರಿಸುವ ಪಿಕ್ಸಿ, ಸಾಯುತ್ತಿರುವವನ್ನು ಅಯಸ್ಕಾಂತದಿಂದ ಹಿಡಿದಿಡುವ ಮ್ಯಾಕ್ಸ್.

ಮಗು ಸಿಗುವುದು ಹೆಚ್ಚುತ್ತದೆಯೇ? ಬ್ರಿಟನ್ನಿನಲ್ಲಿ 2,772 ದಂಪತಿಗಳ ಅಧ್ಯಯನ 2019ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ದಿನ ತುಂಬಿದ ಹೆರಿಗೆ ಪಿಕ್ಸಿಯಲ್ಲಿ ಶೇ. 27.4, ಸಾಮಾನ್ಯ ಇಕ್ಸಿಯಲ್ಲಿ ಶೇ. 25.2. ಇದು ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ವ್ಯತ್ಯಾಸ. ಗರ್ಭಪಾತ ಮಾತ್ರ ಶೇ. 7ರ ಬದಲು 4.3. ಪದೇ ಪದೇ ಗರ್ಭ ಹೋದವರು ಇದರ ಬಗ್ಗೆ ವೈದ್ಯರನ್ನು ವಿಚಾರಿಸಬಹುದು. ಎಲ್ಲರಿಗೂ ಇದನ್ನೇ ಹಚ್ಚುವುದಕ್ಕೆ, ಅದಕ್ಕಾಗಿ ಹೆಂಡತಿಯ ಚಿನ್ನ ಅಡವಿಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯ ಎಲ್ಲವನ್ನೂ ಕ್ಲಿನಿಕ್ಕಿನವರು ದಂಪತಿಗೆ ತಿಳಿಸಬೇಕೆಂದು 2021ರ ಎಆರ್‌ಟಿ ಕಾಯ್ದೆ ಹೇಳುತ್ತದೆ. ಕೇಳಿ: ನನ್ನ ರಿಪೋರ್ಟಿನಲ್ಲಿ ಏನು ಕಂಡು ಇದನ್ನು ಬರೆದಿರಿ ಡಾಕ್ಟರೇ? ಇದಿಲ್ಲದೆ ಮಾಡಿದರೆ ಏನು ಕಮ್ಮಿಯಾಗುತ್ತದೆ? ಇದಕ್ಕೆ ಬೇರೆಯಾಗಿ ಎಷ್ಟು? 'ಗಂಡು ಮಗುವನ್ನೇ ಆರಿಸಿಕೊಡಿ' ಅಂತ ಮಾತ್ರ ಕೇಳಬೇಡಿ, ಅದು ಅಪರಾಧ.

ಇನ್ನೊಂದು ಅಂಜಿಕೆ, ಬೇರೆಯವರದ್ದು ಸೇರಿಬಿಟ್ಟರೆ ಅಂತ. ಗಂಡ-ಹೆಂಡತಿಯ ನಡುವೆ, ಮೂರನೆಯವರಿಲ್ಲದ ಚಿಕಿತ್ಸೆಯನ್ನು ಈಜಿಪ್ಟಿನ ಗ್ರ್ಯಾಂಡ್ ಮುಫ್ತಿ 1980ರಲ್ಲೇ ಒಪ್ಪಿದ್ದಾರೆ. ಮೇಲೆ ಹೇಳಿದ ವಿಧಾನಗಳೆಲ್ಲ ಗಂಡನದ್ದರಲ್ಲೇ ಆರಿಸುವಂಥವು. ಡಬ್ಬಿಯ ಮೇಲೆ ಹೆಸರು ಬರೆಯುವಾಗ ನಿಂತು ನೋಡಿ, ಯಾರೂ ಬೇಡ ಅನ್ನುವುದಿಲ್ಲ.

ರಜೆಗೆ ಬರುವ ತಮ್ಮಂದಿರಿಗೆ ಒಂದು ಮಾತು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಊರಿಗೆ ಬಂದು ಸಿಗರೇಟು ಬಿಟ್ಟರೆ ಅದರ ಫಲ ಆ ರಜೆಯಲ್ಲಿ ಕಾಣುವುದಿಲ್ಲ. ಟಿಕೆಟಿಗಿಂತ ಮೂರು ತಿಂಗಳು ಮೊದಲೇ ಬಿಡಿ, ಪರೀಕ್ಷೆ ಅಲ್ಲೇ ಮಾಡಿಸಿ ರಿಪೋರ್ಟು ಕೈಯಲ್ಲಿ ಹಿಡಿದು ಬನ್ನಿ.