ಒತ್ತಿಗೆ ಒಂದಿಷ್ಟು ಕೆಂಪು

‘ಕತ್ತೆ’ ಎಂದು ಬರೆದುಕೊಟ್ಟರೆ ‘ಕತೆ’ ಎಂದು ಓದುವುದು ಮುಂಬಯಿಯಲ್ಲಿ ಬೆಳೆದ ನಮ್ಮ ಮಕ್ಕಳ ಪದ್ಧತಿ. ತಪ್ಪು ಅವರದಲ್ಲ. ಶಾಲೆಯಲ್ಲಿ ಅವರು ಕಲಿತದ್ದು ನಾಗರಿ. ಅಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ಎರಡನೆಯದು ಪಕ್ಕದಲ್ಲಿ ಪೂರ್ತಿಯಾಗಿ ನಿಲ್ಲುತ್ತದೆ. ನಮ್ಮಲ್ಲಿಯೋ, ಮೊದಲನೆಯದು ಇಡಿಯಾಗಿ ಮೇಲೆ, ಎರಡನೆಯದು ಒತ್ತಾಗಿ ಕೆಳಗೆ. ಅದೂ ಸಾಲದೆಂಬಂತೆ, ‘ತ್ತೆ’ಯಲ್ಲಿ ಎತ್ವ ಕುಳಿತಿರುವುದು ಮೇಲಿನ ತಕಾರದ ತಲೆಯ ಮೇಲೆ, ಉಚ್ಚಾರದಲ್ಲಿ ಸೇರುವುದು ಕೆಳಗಿನ ಒತ್ತಿಗೆ! ಮಗುವನ್ನು ಗದರಿಸುವ ಬಾಯಿ ಯಾರಿಗಿದೆ?

ಸಂಘದ ಭಾನುವಾರದ ತರಗತಿಗೆ ಪಾಠದ ಹಾಳೆ ಸಿದ್ಧಪಡಿಸುವ ತಾಯಿಯೊಬ್ಬರು, “ಒತ್ತನ್ನು ಮಾತ್ರ ಕೆಂಪಗೆ ಅಚ್ಚುಮಾಡಲು ಬರುವುದಿಲ್ಲವೆ?” ಎಂದು ಕೇಳಿದರು. ಕೆಂಪು ಶಾಯಿಯನ್ನು ಮೇಲಧಿಕಾರಿಗಳಿಗೇ ಬಿಟ್ಟುಕೊಟ್ಟು ಬಾಳುವ ಗುಮಾಸ್ತರಾದ ನಮಗೂ ಆಸೆಯಾಯಿತು.

ಗಣಕದ ಮುಂದೆ ಕುಳಿತರೆ ಒತ್ತು ಕೈಗೇ ಸಿಗದು. ಹಿಡಿಯಹೋದರೆ ಅಕ್ಷರ ಪೂರ್ತಿ ಎದ್ದುಬರುತ್ತದೆ. ಯೂನಿಕೋಡ್ ಬರೆದಿಡುವುದು ಉಚ್ಚಾರದ ಕ್ರಮವನ್ನು: ಕ, ತ, ವಿರಾಮಚಿಹ್ನೆ, ತ, ಎತ್ವ. ಒಟ್ಟು 5 ಸಂಕೇತ. ಒತ್ತಿಗೆಂದು ಪ್ರತ್ಯೇಕ ಸಂಕೇತವೇ ಇಲ್ಲ; ರೂಪ ಕಟ್ಟುವುದು ಫಾಂಟಿನ ಕೆಲಸ. ನಡುವೆ ಬಣ್ಣ ಬದಲಿಸಿದರೆ ಕೆಲವು ತಂತ್ರಾಂಶಗಳಲ್ಲಿ ಜೋಡಣೆ ಮುರಿದು ‘ತ್’ ಒಂದು ಕಡೆ, ‘ತೆ’ ಒಂದು ಕಡೆ ಬೀಳುತ್ತವೆ. ಕೆಲವು ಇಡೀ ಅಕ್ಷರಕ್ಕೆ ಒಂದೇ ಬಣ್ಣ ಬಳಿಯುತ್ತವೆ. ಇಂಗ್ಲಿಷಿನ ಎಫ್-ಐ ಜೋಡಿಯನ್ನು ನಡುವೆ ಸೀಳಿ ಎರಡು ಬಣ್ಣ ಹಚ್ಚುವ ಉಪಾಯವೇನೋ ಉಂಟು. ಕೆಳಗೆ ತೂಗುವ ಒತ್ತಿಗೆ ಆ ಕತ್ತರಿ ನಡೆಯದು. ‘ಅರ್ಕ’ದಲ್ಲಂತೂ ಮೊದಲು ಉಚ್ಚರಿಸುವ ರಕಾರ ಕಕಾರದ ಬಲಕ್ಕೆ ಹೋಗಿ ನಿಂತಿದೆ. ‘ಕಿ’ಯಲ್ಲಿ ಕಕಾರ ಎಲ್ಲಿ ಮುಗಿಯಿತು, ಗುಡಿಸು ಎಲ್ಲಿ ಮೊದಲಾಯಿತು ಎಂಬುದನ್ನು ಬ್ರಹ್ಮನೂ ಹೇಳಲಾರ.

ತಮಾಷೆಯೆಂದರೆ, ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳಲ್ಲಿ ಇದು ಸುಲಭವಾಗಿತ್ತು. ಅಚ್ಚುಮೊಳೆಯಂತೆ ಅಲ್ಲಿ ಒತ್ತು ಬೇರೆಯೇ ತುಂಡು; ಬೇಕಾದ ಬಣ್ಣ ಕೊಡಬಹುದು. ಆದರೆ ಆ ಫಾಂಟಿಲ್ಲದ ಗಣಕದಲ್ಲಿ ಅದೇ ಪಾಠ ಅರ್ಥವಿಲ್ಲದ ರೋಮನ್ ಗೀಚು. ಊರಿನ ಅಜ್ಜಿಗೆ ಕಳಿಸಿದರೆ ಅವರು ಗಾಬರಿಯಾದಾರು.

ಸದ್ಯಕ್ಕೆ ನಮಗೆ ಒಗ್ಗಿದ ದಾರಿ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶ. ಪದವನ್ನು ರೇಖಾಚಿತ್ರವಾಗಿ ಮಾರ್ಪಡಿಸಿ, ತುಂಡುಗಳನ್ನು ಬಿಡಿಸಿ, ಒತ್ತಿಗೆ ಕೆಂಪು ತುಂಬುವುದು. ಅನಂತರ ಅದು ಅಕ್ಷರವಲ್ಲ, ಚಿತ್ರ. ಕಾಗುಣಿತ ತಿದ್ದಬೇಕಾದರೆ ಮೊದಲಿಂದ ಬರೆಯಬೇಕು. ಇಡೀ ಪುಸ್ತಕಕ್ಕೆ ಆಗದ ಮಾತು. ಅಕ್ಕ, ಬೆಕ್ಕು, ಹಳ್ಳಿ, ಕತ್ತೆ, ಹೀಗೆ ಹತ್ತು ಪದಗಳ ಒಂದು ಹಾಳೆ ಸಿದ್ಧವಾಗಿದೆ. ಮನೆಯಲ್ಲಿ ಕಲಿಸುವವರು ಸಂಘದ ಕಚೇರಿಯಿಂದ ಒಯ್ಯಬಹುದು.